ರಾನನ ದೀಪ ನಡುಮನೆಯಲ್ಲೇ ಏಕೆ ಉರಿಯುತ್ತದೆ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟದೊಂದು ಜೀವಕೋಶ ತೇಲಿಕೊಂಡಿತ್ತು.

ಅದನ್ನೊಂದು ಮನೆ ಅಂದುಕೋ, ಮಗು. ಮನೆಗೊಂದು ಅಂಗಳ, ಒಳಗೊಂದು ನಡುಮನೆ. ದೊಡ್ಡವರು ನಡುಮನೆಯನ್ನು ಕೋಶಕೇಂದ್ರ ಅನ್ನುತ್ತಾರೆ. ಅಲ್ಲಿ ನೂಲಜ್ಜಿ ಕೂತಿರುತ್ತಿದ್ದಳು. ಏನು ಹರಿದರೂ ಸರಿಮಾಡುವ ಬಗೆ ಅವಳೊಬ್ಬಳಿಗೇ ಗೊತ್ತು.

ಅವಳಿಗೆ ಸುದ್ದಿ ಹೊತ್ತು ತರುವವನು ಹೊರೆಯಣ್ಣ. ತೋಳಿನಲ್ಲಿ ಭಾರಿ ಬಲ. ಆದರೆ ಒಳಗು ಯಾವುದು, ಹೊರಗು ಯಾವುದು ಅವನಿಗೆ ತಿಳಿಯದು. ದೀಪ ಕಂಡಲ್ಲಿ ಹೊರೆ ಇಳಿಸುತ್ತಿದ್ದ, ಅಷ್ಟೇ.

ದೀಪ ಇದ್ದದ್ದು ರಾನನ ಕೈಯಲ್ಲಿ. ರಾನ್ ಪುಟಾಣಿ ಪ್ರೋಟೀನು, ಜಂಬ ಮಾತ್ರ ಬೆಟ್ಟದಷ್ಟು! ನಡುಮನೆಯಲ್ಲೂ ದೀಪ ಹಿಡಿದು ಮೆರೆಯುತ್ತಿದ್ದ, ಅಂಗಳದಲ್ಲೂ ದೀಪ ಹಿಡಿದು ಮೆರೆಯುತ್ತಿದ್ದ.

ಒಂದು ದಿನ ಅಲೆಯೊಂದು ಕೋಶವನ್ನು ಬಂಡೆಗೆ ಅಪ್ಪಳಿಸಿತು. ಪಕ್ಕೆ ಹರಿದು ಉಪ್ಪುನೀರು ನುಗ್ಗಿತು.

ಸುದ್ದಿ ಹೊತ್ತು ಹೊರೆಯಣ್ಣ ಓಡಿದ. ಅಂಗಳದಲ್ಲೇ ದೀಪ ಕಂಡಿತು, ಇಳಿಸಿಬಿಟ್ಟ. ಮತ್ತೆ ಹೊತ್ತ, ಮತ್ತೆ ದೀಪ ಕಂಡಿತು, ಮತ್ತೆ ಇಳಿಸಿದ.

"ಏನಣ್ಣ ಇದು! ಅಜ್ಜಿಗೆ ಕೊಡೋದು ಬಿಟ್ಟು ಇಲ್ಲೇ ಹಾಕ್ತಿದ್ದೀಯಲ್ಲ! ಮನೆ ಮುಳುಗ್ತಿದೆ!" ಎಂದು ರಾನ್ ಕೂಗಿಕೊಂಡ.

"ನಿನ್ನ ದೀಪ ಇಲ್ಲೇ ಉರೀತಿದೆಯಲ್ಲಪ್ಪ. ಇದೇ ನಡುಮನೆ ಅಂದ್ಕೊಂಡೆ."

ರಾನ್ ದೀಪವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ದೀಪವಿಲ್ಲದಿದ್ದರೆ ಅಂಗಳದಲ್ಲಿ ತನ್ನನ್ನು ಯಾರು ತಿರುಗಿ ನೋಡುತ್ತಾರೆ? ಅಷ್ಟರಲ್ಲಿ ನೀರು ಮಂಡಿಯವರೆಗೆ ಬಂತು. ರಾನ್ ಉಫ್ ಎಂದು ದೀಪ ಆರಿಸಿಯೇಬಿಟ್ಟ.

ಕತ್ತಲಲ್ಲಿ ತಡವರಿಸುತ್ತ ನಡುಮನೆಗೆ ಓಡಿದ. "ಅಜ್ಜೀ, ಬೇಗ ಹಚ್ಚಿಕೊಡು!"

ನೂಲಜ್ಜಿ ದೀಪ ಹಚ್ಚಿದಳು. ಅಂಗಳದಲ್ಲೆಲ್ಲೂ ಬೆಳಕು ಕಾಣದ ಹೊರೆಯಣ್ಣ ನೇರವಾಗಿ ಒಳಗೆ ಬಂದ. ದೀಪ ಕಂಡಿತು, ಹೊರೆ ಇಳಿಸಿದ. ಅಜ್ಜಿ ಹೇಳಿಕೊಟ್ಟಂತೆ ಮನೆಯವರೆಲ್ಲ ಸೇರಿ ಪಕ್ಕೆಯನ್ನು ಮುಚ್ಚಿದರು. ಕೋಶ ಉಳಿಯಿತು.

ರಾನ್ ಹೊರೆಯಣ್ಣನ ಕೈಹಿಡಿದು ಅಂಗಳಕ್ಕೆ ಹೊರಟ. ಹೊಸ್ತಿಲು ದಾಟಿದವನೇ, ಯಾರೂ ಹೇಳದೆ, ದೀಪ ಆರಿಸಿದ.

"ದೀಪ ಯಾರು ಬೇಕಾದ್ರೂ ಹಿಡೀತಾರೆ," ಒಳಗಿನಿಂದ ನೂಲಜ್ಜಿ ಎಲ್ಲರಿಗೂ ಕೇಳುವ ಹಾಗೆ ಅಂದಳು. "ಮನೆಗೋಸ್ಕರ ಆರಿಸ್ದೋನು ನನ್ನ ರಾನ್ ಕಣ್ರೋ!"

ಕತ್ತಲಲ್ಲಿ ನಿಂತ ರಾನ್ ಹಿಗ್ಗಿ ಹೀರೇಕಾಯಿಯಾದ.

ಅಂದಿನಿಂದ ರಾನನ ದೀಪ ಉರಿಯುವುದು ನಡುಮನೆಯಲ್ಲಿ ಮಾತ್ರ. ಆ ಕೋಶದ ಮರಿಮಕ್ಕಳೇ ನಮ್ಮ ಮೈಯ ಕೋಶಗಳೆಲ್ಲ. ಮೊನ್ನೆ ಬಿದ್ದು ತರಚಿಕೊಂಡ ನಿನ್ನ ಮಂಡಿಯನ್ನೇ ನೋಡು: ಹಕ್ಕಳೆಯ ಅಂಚಿನಲ್ಲಿ ಹೊಸ ಚರ್ಮ ಇಣುಕುತ್ತಿದೆಯಲ್ಲ, ಅಲ್ಲಿಯ ಒಂದೊಂದು ಕೋಶದಲ್ಲೂ ಪುಟಾಣಿ ರಾನ್ ಎದೆಯುಬ್ಬಿಸಿಕೊಂಡು ಅಂಗಳದಲ್ಲಿ ದೀಪ ಆರಿಸುತ್ತಿದ್ದಾನೆ, ನಡುಮನೆಯಲ್ಲಿ ಹಚ್ಚಿಸಿಕೊಳ್ಳುತ್ತಿದ್ದಾನೆ.