ಒಪ್ಪತ್ತಿನ ಅತ್ತೆ

ಹೊಲದ ಬದುವಿನ ಬಿಲದಲ್ಲಿ ಒಂದು ಅತ್ತೆ ಇಲಿ, ಅವಳ ಮಗ ಮತ್ತು ಹೊಸ ಸೊಸೆ ಇದ್ದರು. ಅತ್ತೆ ಒಪ್ಪತ್ತು ಮಾಡುವವಳು. ಊಟ ದಿನಕ್ಕೊಂದೇ ಹೊತ್ತು, ಅದರ ಸುದ್ದಿ ಮಾತ್ರ ಮೂರು ಹೊತ್ತೂ. ಆದರೆ ರಾತ್ರಿ ನಿದ್ದೆಗಣ್ಣಲ್ಲೇ ಎದ್ದು, ಕೂಡಿಟ್ಟ ಕಡಲೆಕಾಯಿ ಮೆದ್ದು, ಬಂದು ಮಲಗುತ್ತಿದ್ದಳು. ಬೆಳಗ್ಗೆ ಅವಳಿಗೆ ಒಂದೂ ನೆನಪಿರುತ್ತಿರಲಿಲ್ಲ. ಹಸಿವಿಗೆ ನಿದ್ದೆ ಬಾರದ ಸೊಸೆ ಎಲ್ಲವನ್ನೂ ನೋಡುತ್ತಿದ್ದಳು. ಹೇಳಿದರೆ ಯಾರು ನಂಬುತ್ತಾರೆಂದು ಸುಮ್ಮನಿದ್ದಳು.

ರಾಶಿ ಕರಗಿದ್ದು ಕಂಡು ಅತ್ತೆ ಕಾಯಿಗಳಿಗೆಲ್ಲ ಅರಿಸಿನ ಬಳಿದಳು. "ನಾಳೆ ಯಾರ ಬಾಯಿ ಹಳದಿಯಾಗಿದೆಯೋ ಅವರು ಈ ಬಿಲ ಬಿಟ್ಟು ಹೋಗತಕ್ಕದ್ದು," ಎಂದಳು. ಹೊರಗೆ ಕೊಯ್ಲು ಮುಗಿದ ಬಯಲು, ಮೇಲೆ ಹದ್ದು. ಇನ್ನು ತಾನು ಬಾಯಿ ಬಿಡಬೇಕಿಲ್ಲ, ಅರಿಸಿನವೇ ಹೇಳುತ್ತದೆ ಎಂದುಕೊಂಡ ಸೊಸೆಗೆ ಮದುವೆಯಾದ ಮೇಲೆ ಮೊದಲ ಸಲ ಗಾಢ ನಿದ್ದೆ ಬಂತು.

"ಏಳೇ ಹೊಟ್ಟೆಬಾಕಿ!" ಎಂಬ ಕೂಗಿಗೆ ಎಚ್ಚರವಾಯಿತು. "ಒಪ್ಪತ್ತು ಮಾಡೋಳ ಮನೇಲಿ ಎಂಥವಳು ಬಂದು ಸೇರಿದಳಪ್ಪಾ!"

ಸೊಸೆ ಬಾಯಿ ಮುಟ್ಟಿಕೊಂಡಳು. ಮುಂಗಾಲಿಗೆ ಅರಿಸಿನ ಹತ್ತಿತು. ಅತ್ತೆಯ ಮೀಸೆ ತೊಳೆದಂತೆ ಸ್ವಚ್ಛವಾಗಿತ್ತು. ಗಂಡನ ಎರಡೂ ಮುಂಗಾಲು ಹಳದಿಯಾಗಿದ್ದವು.

"ಅವರ ಮೀಸೆ ಒರೆಸಿ ನನಗೆ ಬಳಿದಿರಾ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ಅಮ್ಮನಿಗೆ ವಯಸ್ಸಾಯಿತು, ಹದ್ದು ಬಂದರೆ ಓಡಲಾರಳು," ಎಂದು ಅವನು ಪಿಸುಗುಟ್ಟಿದ. "ನಿನ್ನ ಕಾಲು ಗಟ್ಟಿಯಿವೆಯಲ್ಲ."

ಹಾಗೆಂದವನೇ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.