ಸರ್ಕಾರದ ಪಾಲಿನ ಶಾಲು

ಊರ ಡೇರಿಯ ಹಳಬರು ಸೇರಿದರೆ ಈಗಲೂ ಅಲ್ಲಿಗೆ ಹಾಲು ಹಾಕುತ್ತಿದ್ದ ಚಿಕ್ಕತಾಯಮ್ಮನ ಮಾತು ಬರುತ್ತದೆ. ಆಗೆಲ್ಲ ಹಾಲು ಹಾಕುವ ಮನೆಗಳ ಆರೋಗ್ಯ ವಿಮೆಗೆ ಅರ್ಧ ದುಡ್ಡು ಮನೆಯವರದು, ಅರ್ಧ ಸರ್ಕಾರದ್ದು. ಒಂದು ವರ್ಷ ಸರ್ಕಾರ ಕೈ ಎತ್ತಿತು.

ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ಚೌಡಪ್ಪನವರು ಗುಡುಗಿದರು. "ಇನ್ನು ಪೂರ್ತಿ ನೀವೇ ಕಟ್ಟಿ. ಆಗದಿದ್ರೆ ಬಿಡಿ!"

ಮುಂದಿನ ತಿಂಗಳೇ ಚಿಕ್ಕತಾಯಮ್ಮನ ಅತ್ತೆಗೆ ಹೃದಯದ ಆಪರೇಷನ್ ಇತ್ತು.

ಅಷ್ಟರಲ್ಲಿ ಸನ್ಮಾನದ ಹೊತ್ತಾಯಿತು. ಪ್ರತಿವರ್ಷ ಡೇರಿಯ ಲಾಭದಲ್ಲೇ ಅಧ್ಯಕ್ಷರಿಗೆ ಜರಿ ಶಾಲು, ಏಲಕ್ಕಿ ಹಾರ. ಶಾಲು ಹೊದಿಸುವ ಸರದಿ ಈ ಸಲ ಚಿಕ್ಕತಾಯಮ್ಮನದು. ಅಧ್ಯಕ್ಷರ ಹೊಸ ಕೊಠಡಿಯ ಟೇಪು ಕತ್ತರಿಸಿದ್ದ ಕತ್ತರಿ ತಟ್ಟೆಯಲ್ಲೇ ಇತ್ತು. ಅವಳು ಶಾಲನ್ನು ನಡುವೆ ಕತ್ತರಿಸಿ, ಒಂದು ತುಂಡನ್ನು ಅವರ ಎಡಹೆಗಲಿಗೆ ಹಾಕಿದಳು.

"ಏನಮ್ಮ ಇದು?"

"ನಮ್ಮ ಪಾಲು ಅಣ್ಣಾ. ಬಲಹೆಗಲು ಸರ್ಕಾರದ್ದು, ಅದು ಬರಲ್ವಂತೆ. ಉಳಿದದ್ದು ನೀವೇ ಕೊಂಡ್ಕೊಳ್ಳಿ. ಆಗದಿದ್ರೆ ಬಿಡಿ."

ಸಭೆ ಬಿದ್ದು ಬಿದ್ದು ನಕ್ಕಿತು. ಕೆಂಪಾಗಿದ್ದ ಚೌಡಪ್ಪನವರೂ ಕೊನೆಗೆ ನಕ್ಕರು. "ಆಯ್ತು ತಾಯಿ, ಸನ್ಮಾನ ಸಾಕು. ಸರ್ಕಾರದ ಪಾಲನ್ನ ಡೇರಿ ಲಾಭದಲ್ಲೇ ಕಟ್ಟೋಣ."

ಅತ್ತೆ ಗುಣವಾಗಿ ಬಹಳ ವರ್ಷ ಬದುಕಿದರು. ಚಳಿಗೆ ಸೊಸೆ ಮನೆಗೆ ತಂದಿದ್ದ ಇನ್ನರ್ಧ ಶಾಲು ಹೊದ್ದು ಜಗಲಿಯಲ್ಲಿ ಕೂತು, ಬಂದವರಿಗೆಲ್ಲ ಹೇಳುತ್ತಿದ್ದರು: "ಇದು ಸರ್ಕಾರದ ಪಾಲು ಕಣಪ್ಪ, ಬೆಚ್ಚಗಿದೆ."