ಕೋಳಿ ಕಾವು ಕೂತ ವಿಮಾನದ ಮೂತಿ

ಒಬ್ಬಳು ಪದ್ದಿ. ಅವಳಿಗೊಬ್ಬ ತಾತ. ತಾತ ಒಂದು ಕಾಲದಲ್ಲಿ ಯುದ್ಧವಿಮಾನ ರಿಪೇರಿ ಮಾಡುತ್ತಿದ್ದವರು. ಈಗ ಕಣ್ಣಿನ ಆಪರೇಶನ್ ಆಗಿದೆ. ಕಣ್ಣಿಗೆ ಪಟ್ಟಿ ಕಟ್ಟಿದೆ. ಸಂಜೆ ನರ್ಸಮ್ಮ ಬಂದು ಬಿಚ್ಚುತ್ತಾರೆ.

"ತಾತ ಕಣ್ಣು ಬಿಟ್ಟ ಕೂಡಲೇ ವಿಮಾನ ನೋಡಬೇಕು!" ಪದ್ದಿಗೆ ಅದೇ ಹಟ. ರಟ್ಟಿನಲ್ಲಿ ಮೊಳದುದ್ದದ ವಿಮಾನ ಮಾಡಿದಳು. ರೆಕ್ಕೆ ಅಂಟಿಸಿದಳು. ಬಾಲ ಅಂಟಿಸಿದಳು. ಕಡಲೆಕಾಳಿನಷ್ಟು ಚಕ್ರ ಮೂರು ಅಂಟಿಸಿದಳು. ಎಲೆಹಸಿರು ಬಳಿದಳು. ಮಣ್ಣುಬಣ್ಣ ಬಳಿದಳು. ಯುದ್ಧವಿಮಾನ ಯಾರ ಕಣ್ಣಿಗೂ ಬೀಳಬಾರದಲ್ಲ, ಅದಕ್ಕೆ!

ಉಳಿದದ್ದು ಮೊಟ್ಟೆಯಂಥ ಮೂತಿ ಒಂದೇ. ಹಸಿರು ಬಳಿಯುವ ಮೊದಲು ಅದಕ್ಕೆ ಬಿಳಿ ಬಳಿದಳು. ಒಣಗಲಿ ಅಂತ ಹುಲ್ಲಿನ ಬುಟ್ಟಿಯಲ್ಲಿಟ್ಟಳು. ತಿರುಗಿ ನೋಡ್ತಾಳೆ, ಮೂತಿ ಇಲ್ಲ! ಮೂತಿ ಮೇಲೆ ಕೋಳಿ ಕೂತಿದೆ! ಕೈ ಹಾಕಿದರೆ ಕುಕ್ಕುತ್ತೆ!

"ಕೋಳಿ ಕೋಳಿ, ಏಳೇ. ಮೂತಿ ಕೊಡೇ."

"ಏಳಲ್ಲ. ಇದು ನನ್ನ ಮೊಟ್ಟೆ. ಬೇರೆ ಮೊಟ್ಟೆ ತಂದರೆ ಏಳ್ತೀನಿ."

ಮೂತಿ ಮೊಟ್ಟೆಯಾ? ಮೊಟ್ಟೆ ಮೂತಿಯಾ? ಪದ್ದಿ ತಲೆ ಕೆರೆದುಕೊಂಡಳು. ಬಾತುಕೋಳಿ ಹತ್ತಿರ ಓಡಿದಳು.

"ಬಾತು ಬಾತು, ಮೊಟ್ಟೆ ಕೊಡೇ. ಮೊಟ್ಟೆ ಕೊಟ್ಟರೆ ಕೋಳಿ ಏಳುತ್ತೆ. ಕೋಳಿ ಎದ್ದರೆ ಮೂತಿ ಸಿಗುತ್ತೆ. ಮೂತಿ ಸಿಕ್ಕರೆ ವಿಮಾನ ಆಗುತ್ತೆ. ವಿಮಾನ ಆದರೆ ತಾತ ನೋಡ್ತಾರೆ."

"ಕೊಡಲ್ಲ. ತೌಡು ತಂದರೆ ಕೊಡ್ತೀನಿ."

ಪದ್ದಿ ಅಕ್ಕಿ ಗಿರಣಿಗೆ ಓಡಿದಳು. ಗಿರಣಿ ನಡೆಸುವವಳು ಮಾದೇವಕ್ಕ.

"ಅಕ್ಕ ಅಕ್ಕ, ಮೊಟ್ಟೆ ಕೊಡು!"

"ನಾನೇನು ಮೊಟ್ಟೆ ಇಡ್ತೀನೇನೇ?"

"ಅಲ್ಲಲ್ಲ, ತೌಡು ಕೊಡು! ತೌಡು ಕೊಟ್ಟರೆ ಬಾತು ಮೊಟ್ಟೆ ಕೊಡುತ್ತೆ. ಮೊಟ್ಟೆ ಕೊಟ್ಟರೆ ಕೋಳಿ ಏಳುತ್ತೆ. ಕೋಳಿ ಎದ್ದರೆ ಮೂತಿ ಸಿಗುತ್ತೆ. ಮೂತಿ ಸಿಕ್ಕರೆ ವಿಮಾನ ಆಗುತ್ತೆ. ವಿಮಾನ ಆದರೆ ತಾತ ನೋಡ್ತಾರೆ."

"ಧೂಳು ಕುಡಿದು ಗಂಟಲು ಕಟ್ಟಿದೆ ಕಣೆ. ಒಂದು ಚೊಂಬು ಮಜ್ಜಿಗೆ ತಾ, ತೌಡು ಕೊಡ್ತೀನಿ."

ಪದ್ದಿ ಹಸು ಸಾಕಿದ ಕೆಂಚಣ್ಣನ ಹತ್ತಿರ ಓಡಿದಳು. ಅವಳ ತಲೆಯೊಳಗೆ ಎಲ್ಲ ಕಲಸುಮೇಲೋಗರ.

"ಅಣ್ಣ ಅಣ್ಣ, ಕೋಳಿಗೆ ಮಜ್ಜಿಗೆ! ಅಲ್ಲಲ್ಲ, ಬಾತಿಗೆ ಮೂತಿ! ಅಲ್ಲಲ್ಲ..."

"ನಿಧಾನ ಮಗಾ, ನಿಧಾನ."

ಪದ್ದಿ ಉಸಿರೆಳೆದಳು. ಬೆರಳು ಮಡಿಸಿದಳು.

"ಮಜ್ಜಿಗೆ ಕೊಟ್ಟರೆ ಅಕ್ಕ ತೌಡು ಕೊಡ್ತಾಳೆ. ತೌಡು ಕೊಟ್ಟರೆ ಬಾತು ಮೊಟ್ಟೆ ಕೊಡುತ್ತೆ. ಮೊಟ್ಟೆ ಕೊಟ್ಟರೆ ಕೋಳಿ ಏಳುತ್ತೆ. ಕೋಳಿ ಎದ್ದರೆ ಮೂತಿ ಸಿಗುತ್ತೆ. ಮೂತಿ ಸಿಕ್ಕರೆ ವಿಮಾನ ಆಗುತ್ತೆ. ವಿಮಾನ ಆದರೆ ತಾತ ನೋಡ್ತಾರೆ."

"ನಾಳೆ ಸಂಕ್ರಾಂತಿ. ನನ್ನ ಹಸುವಿನ ಕೊಂಬಿಗೆ ಬಣ್ಣವಿಲ್ಲ. ನಿನ್ನ ಹಸಿರು ಬಣ್ಣ ಹಚ್ಚು, ಮಜ್ಜಿಗೆ ಕೊಡ್ತೀನಿ."

ಪದ್ದಿ ಡಬ್ಬಿ ತಂದು ನೋಡಿದಳು. ಮಣ್ಣುಬಣ್ಣ ಆಗಲೇ ಮುಗಿದಿತ್ತು. ಉಳಿದದ್ದು ಒಂದೇ ಚಮಚ ಹಸಿರು! ಮೂತಿಗಂತ ಇಟ್ಟದ್ದು. ಮೂತಿಗೆ ಇಟ್ಟುಕೊಂಡರೆ ಮೂತಿಯೇ ಇಲ್ಲ. ಕೊಂಬಿಗೆ ಹಚ್ಚಿದರೆ ಮೂತಿಗೆ ಬಣ್ಣವೇ ಇಲ್ಲ. ಈಗ ಏನು ಮಾಡೋದು? ಪದ್ದಿಗೆ ಅಳುವೇ ಬಂತು. ಅತ್ತುಕೊಂಡೇ ಕೊಂಬಿಗೆ ಹಚ್ಚಿದಳು.

ಕೊಂಬು ಹಸಿರಾಯ್ತು, ಕೆಂಚಣ್ಣ ಮಜ್ಜಿಗೆ ಕೊಟ್ಟ. ಮಜ್ಜಿಗೆ ಕುಡಿದು ಮಾದೇವಕ್ಕ ತೌಡು ಕೊಟ್ಟಳು. ತೌಡು ತಿಂದು ಬಾತು ಮೊಟ್ಟೆ ಕೊಟ್ಟಿತು. ಮೊಟ್ಟೆ ನೋಡಿ ಕೋಳಿ ಎದ್ದಿತು. ಕೋಳಿ ಎದ್ದು ಮೂತಿ ಸಿಕ್ಕಿತು. ಮೂತಿ ಅಂಟಿಸಿ ವಿಮಾನ ಆಯಿತು. ಮೈಯೆಲ್ಲ ಹಸಿರು, ಮಣ್ಣು. ಮೂತಿ ಮಾತ್ರ ಬಿಳಿ! ಪದ್ದಿಗೆ ನಾಚಿಕೆ.

ಸಂಜೆ ನರ್ಸಮ್ಮ ಬಂದರು. ಪಟ್ಟಿ ಬಿಚ್ಚಿದರು. ಪದ್ದಿ ಅಂಗಳದ ಸೀಬೆ ಗಿಡದ ಮುಂದೆ ವಿಮಾನ ಹಿಡಿದು ನಿಂತಳು. ತಾತ ಕಣ್ಣು ಪಿಳಿಪಿಳಿ ಬಿಟ್ಟರು.

"ಎಲೆ ಕಾಣ್ತಿದೆ. ಮಣ್ಣು ಕಾಣ್ತಿದೆ. ವಿಮಾನ ಎಲ್ಲೇ ಪದ್ದಿ?"

ಪದ್ದಿ ವಿಮಾನ ಇನ್ನಷ್ಟು ಮುಂದೆ ಚಾಚಿದಳು.

"ಅಕೋ! ಬಿಳೀ ಮೂತಿ!" ತಾತ ಎದ್ದೇಬಿಟ್ಟರು. "ಮೂತಿ ಸಿಕ್ತು! ಮೂತಿ ಹಿಂದೆ ರೆಕ್ಕೆ ಸಿಕ್ತು! ರೆಕ್ಕೆ ಹಿಂದೆ ಬಾಲ ಸಿಕ್ತು! ಬಾಲದ ಹಿಂದೆ ನನ್ನ ಪದ್ದಿ ಸಿಕ್ಕಿದಳು!"